ತಿಳಿನೀರಿನ ಯಜಮಾನರು

ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆಯ ಹೆಂಗಸೊಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ ಊರಿನ ಸುದ್ದಿ ಹೇಳುವಾಗ, "ನೀವಿದ್ರಲ್ಲ ಆ ಮನೆ, ಮೀನಿನ ಯಜಮಾನ್ರದ್ದು, ಅವರು ಹೋಗ್ಬಿಟ್ರು. ವರ್ಷಾನೇ ಆಯ್ತು" ಎಂದರು. ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಅವರ ಬಲಗೈ. ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ಗಾಜಿನ ತೊಟ್ಟಿಯೊಳಗೆ ಮೊಣಕೈ ಮುಳುಗಿಸಿ, ತುಟಿ ಬಿಗಿಹಿಡಿದು ಪಾಚಿ ಉಜ್ಜುತ್ತಿದ್ದ ಕೈ.

ಹೆಸರು ಕೇಳಿದರೆ ಮೀನು ಹಿಡಿಯುವವರೋ ಮಾರುವವರೋ ಅನ್ನಿಸುತ್ತದೆ. ಅವರು ಎರಡೂ ಅಲ್ಲ. ರೇಷ್ಮೆ ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ತೆಗೆಸುವ ಬಿಚ್ಚಾಣಿಕೆ ಅವರ ಕಸುಬು. ಮನೆಯ ಹಿತ್ತಲಲ್ಲಿ ತಗಡಿನ ಮಾಡು, ಅದರ ಕೆಳಗೆ ಸಾಲಾಗಿ ನಾಲ್ಕು ಒಲೆ, ಒಲೆಯ ಮೇಲೆ ಬಾಣಲೆ, ಪಕ್ಕದಲ್ಲಿ ರಾಟೆ. ನಾನು ಆ ಊರಿನ ಸರ್ಕಾರಿ ಆಸ್ಪತ್ರೆಗೆ ನರ್ಸಾಗಿ ಹೋದಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಪ್ಯಾರಾಚೂಟಿಗೆ ಬೇಕಂತೆ ಎಂದು ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ಬೀದಿಯ ಒಂದೊಂದು ಹಿತ್ತಲಿಂದಲೂ ಬೆಂದ ಹುಳುವಿನ ನಾತ ಬರುತ್ತಿತ್ತು. ಮೊದಲ ವಾರ ಆ ನಾತಕ್ಕೆ ನನಗೆ ಊಟ ಸೇರಲಿಲ್ಲ. ಆಮೇಲೆ ರಜೆಗೆ ತುಮಕೂರಿಗೆ ಹೋದರೆ ಗಾಳಿಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸತೊಡಗಿತು.

ಅವರ ಮನೆಯ ಮುಂದಿನ ಕೋಣೆಯನ್ನು ನಾನು ಬಾಡಿಗೆಗೆ ಕೇಳಿದೆ. ಒಂಟಿ ಹೆಂಗಸು, ಅದೂ ನರ್ಸು, ಎಂದು ಬೇರೆ ಕಡೆ ಎರಡು ಮನೆಯವರು ಆಗಲೇ ಮುಖ ತಿರುಗಿಸಿದ್ದರು. ಇವರು ಜಗುಲಿಯ ಮೇಲೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎತ್ತರದ ಆಳು, ಕಿವಿಯಲ್ಲಿ ಒಂಟಿ, ನೀರಲ್ಲಿ ನೆಂದು ನೆಂದು ಬಿಳಿಚಿದ ಬೆರಳು.

"ಹೆರಿಗೆ ಗಿರಿಗೆ ಅಂತ ಜನ ಹೊತ್ತಲ್ಲದ ಹೊತ್ನಲ್ಲಿ ಬಾಗ್ಲು ಬಡೀತಾರಾ?"

"ಬಡೀತಾರೆ."

"ಬಡ್ಕಳ್ಳಿ. ಮುಸ್ಸಂಜೆ ಆದ್ಮೇಲೆ ದೀಪ ಮಾತ್ರ ಆರಿಸ್ಬಾರ್ದು. ಎಣ್ಣೆ ನಾನು ಕೊಡ್ತೀನಿ."

ಸೀಮೆಎಣ್ಣೆಗೆ ಚೀಟಿ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲ. ಇದೆಂಥ ಕರಾರು ಎಂದುಕೊಂಡೇ ಪೆಟ್ಟಿಗೆ ಒಳಗೆ ತಂದಿಟ್ಟೆ. ಮೊದಲ ದಿನವೇ ನಡುಮನೆಯಲ್ಲಿ ಕಟ್ಟಿದ್ದ ಹಗ್ಗಕ್ಕೆ ಹೊಟ್ಟೆ ತಗಲಿ ತಡೆದು ನಿಂತೆ. ಬಿಚ್ಚಾಣಿಕೆಯಲ್ಲಿ ಉಳಿದ ಕಸದ ರೇಷ್ಮೆಯನ್ನು ಹುರಿ ಹಾಕಿ ಮಾಡಿದ ನಯವಾದ ಹಗ್ಗ ಅದು. ಅಡುಗೆಮನೆಯ ಬಾಗಿಲಿಂದ ನಡುಮನೆ ಹಾದು ಹಿತ್ತಲ ಬಚ್ಚಲವರೆಗೆ ಸೊಂಟದ ಎತ್ತರಕ್ಕೆ ಎಳೆದು ಕಟ್ಟಿದ್ದರು. ಹೊಸ್ತಿಲುಗಳಿಗೆಲ್ಲ ದಪ್ಪಗೆ ಸುಣ್ಣ ಬಳಿದಿತ್ತು. ಸಂಜೆಯಾದಾಗ ಅವರ ಹೆಂಡತಿ ಆ ಹಗ್ಗವನ್ನು ಹಿಡಿದು ಬಂದದ್ದನ್ನು ಕಂಡು ಎಲ್ಲವೂ ಅರ್ಥವಾಯಿತು. ಅವರಿಗೆ ಇರುಳುಗಣ್ಣು. ಕತ್ತಲಾದರೆ ಏನೇನೂ ಕಾಣದು. ಹಗಲಲ್ಲಿಯೂ ಪಕ್ಕದಲ್ಲಿದ್ದದ್ದು ಕಾಣದು, ಎದುರಿಗೆ ಬೆಳಕಿನಲ್ಲಿ ಇದ್ದದ್ದಷ್ಟೇ ಕಾಣುವುದು. ನಾನು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಒಬ್ಬಳೇ ಮಗಳನ್ನು ಹೊಸಕೋಟೆಯ ಹತ್ತಿರ ಕೊಟ್ಟಿದ್ದರಿಂದ ಆ ಮನೆಯಲ್ಲಿ ಇದ್ದವರು ಅವರಿಬ್ಬರು, ಆಮೇಲೆ ನಾನು.

ಯಜಮಾನರು ಜಗಳಗಂಟರು ಎಂದೇ ಬೀದಿಯಲ್ಲಿ ಹೆಸರು. ಮಾತಾಡುವುದೇ ಕಡಿಮೆ, ಆಡಿದರೆ ಬೈಗುಳ. ಬಿಚ್ಚಾಣಿಕೆಗೆ ತಿಳಿನೀರು ಬೇಕು, ಕೊಳೆನೀರಲ್ಲಿ ತೆಗೆದ ಎಳೆ ಹೊಳಪು ಕಳೆದುಕೊಳ್ಳುತ್ತದೆ. ಅದಕ್ಕೇ ಸೇದೋ ಬಾವಿಯ ಕಟ್ಟೆಯ ಮೇಲೆ ಯಾರಾದರೂ ಪಾತ್ರೆ ಗಲಬರಿಸಿದರೆ ಇವರ ಗಂಟಲು ಏಳುತ್ತಿತ್ತು. "ನೀರಿಗೆ ಬಾಯಿಲ್ಲ, ಬಣ್ಣ ಐತೆ. ಬಣ್ಣ ನೋಡಿ ಮಾತಾಡಿ" ಎನ್ನುವುದು ಅವರ ಮಾತು. ಹೆಂಗಸರು ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ಹೆಂಡತಿಯ ಮೇಲೆ ಮಾತ್ರ ಅವರು ದನಿ ಎತ್ತಿದ್ದನ್ನು ನಾನು ಕೇಳಲಿಲ್ಲ. ಹಾಗೆಂದು ನಾಲ್ಕು ಒಳ್ಳೆಯ ಮಾತು ಆಡಿದ್ದನ್ನೂ ಕೇಳಲಿಲ್ಲ.

ಅದಕ್ಕೆ ಒಂದು ಕಾರಣವಿತ್ತು. ಒಂದು ದಿನ ಜಗುಲಿಯಲ್ಲಿ ನಾನು ಬ್ಯಾಂಡೇಜು ಬಟ್ಟೆ ಸುತ್ತುತ್ತ ಕೂತಿದ್ದಾಗ ಅವರಾಗಿಯೇ ಬಾಯಿ ತೆರೆದರು.

"ಹಬೆ ನರ್ಸಮ್ಮ. ಹಬೆ ತಿಂದ್ಬಿಡ್ತು ಅವಳ ಕಣ್ಣ. ಮದುವೆಯಾಗಿ ಬಂದಾಗಿಂದ ನಮ್ ಬಾಣಲೆ ಮುಂದೆ ಕೂತು ಎಳೆ ಹುಡುಕ್ದೋಳು. ಗೂಡಿನ ಎಳೆ ತುದಿ ಅಂದ್ರೆ ಗಾಳೀಲಿರೋ ಕೂದ್ಲು ಇದ್ದಂಗೆ. ಇವಳು ಬೆರಳ್ ಹಾಕಿದ್ರೆ ಸಿಕ್ತಿತ್ತು. ನನ್ ಒಲೇನೇ ಅವಳ ಕಣ್ಣ ಬೇಯಿಸ್ಬಿಡ್ತು."

ಹಬೆಯಿಂದ ಇರುಳುಗಣ್ಣು ಬರುವುದಿಲ್ಲ ಎಂದು ಹೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ನಂಬಲಿಲ್ಲವೆಂದು ತಿಳಿಯಿತು. ಬೆಂಗಳೂರಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದೆ. ಅದಕ್ಕೆ ಒಪ್ಪಿದರು.

ಮೂವರೂ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಹೋದೆವು. ದೇವನಹಳ್ಳಿ ದಾಟಿದ ಮೇಲೆ ಏರಿನಲ್ಲಿ ಬಸ್ಸು ನಿಂತು, ಗಂಡಸರೆಲ್ಲ ಇಳಿದು ತಳ್ಳಬೇಕಾಯಿತು. ಕಣ್ಣಿನ ಡಾಕ್ಟರು ತಮ್ಮ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು, ಬಹಳ ಹೊತ್ತು ಪರೀಕ್ಷಿಸಿದರು. ಕಣ್ಣಿನ ಹಿಂದಿನ ಪದರ ಒಣಗುತ್ತ ಬರುತ್ತಿದೆ, ಇದು ಹುಟ್ಟಿನಿಂದ ಬಂದದ್ದು, ಔಷಧವಿಲ್ಲ, ಒಳ್ಳೆಯ ಬಿಸಿಲಿನಲ್ಲಿ ಎದುರಿಗಿದ್ದದ್ದು ಇನ್ನೂ ಕೆಲವು ವರ್ಷ ಕಂಡೀತು ಎಂದರು.

"ಹಬೆ?" ಎಂದರು ಯಜಮಾನರು.

"ಹಬೆಗೂ ಇದಕ್ಕೂ ಸಂಬಂಧ ಇಲ್ಲ."

ಹೊರಗೆ ಬಂದ ಮೇಲೆ ನನ್ನ ಕಿವಿಯ ಬಳಿ, "ಡಾಕ್ಟ್ರು ನಮ್ಮೊಲೆ ಮುಂದೆ ಕೂತಿದ್ರಾ?" ಎಂದರು. ಅಷ್ಟೇ.

ಆ ಮನೆಯ ವರಾಂಡದಲ್ಲಿ ಬಿಸಿಲು ಬೀಳುವ ಕಡೆ ಒಂದು ಗಾಜಿನ ತೊಟ್ಟಿ ಇತ್ತು. ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ. ದೊಡ್ಡಮ್ಮ ನನ್ನ ಕೈ ಹಿಡಿದು ನಡೆಯುತ್ತಿದ್ದವರು ತಟಕ್ಕನೆ ನಿಂತರು.

"ಅಲ್ಲೇನೋ ಕೆಂಪಗೆ ಓಡಾಡ್ತಾ ಐತಲ್ಲ."

ಚಿನ್ನದ ಮೀನು. ಬೆನ್ನ ಮೇಲೆ ಬಿಸಿಲು ಬಿದ್ದಾಗ ಕೆಂಡದಂತೆ ಹೊಳೆಯುವುದು, ತಿರುಗಿದರೆ ಮತ್ತೆ ಹೊಳೆಯುವುದು. ಹಿತ್ತಲ ಕೋಳಿ ಕಾಣದೆ ತುಳಿಯುತ್ತಿದ್ದ ಹೆಂಗಸು, ಮೊಮ್ಮಗಳ ಮುಖವನ್ನು ಕೈಯಾಡಿಸಿ ನೋಡಿದ್ದವರು, ಆ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಬಾಲ ನೋಡಮ್ಮ, ಸೀರೆ ಸೆರಗಿನಂಗೆ ಬಿಡ್ತದೆ" ಎಂದರು ನನಗೆ. ಬಸ್ಸಿಗೆ ಹೊತ್ತಾಯಿತು ಎಂದೆ. ಯಜಮಾನರು ಕೊಡೆ ಊರಿಕೊಂಡು ಹೆಂಡತಿಯ ಮುಖವನ್ನೇ ನೋಡುತ್ತ ನಿಂತಿದ್ದರು. "ಹೋಗ್ಲಿ ಬಿಡು, ಇನ್ನೊಂದು ಬರ್ತದೆ" ಎಂದರು. ಬಸ್ಸು ತಪ್ಪಿಸಿಕೊಳ್ಳುವ ಜಾಯಮಾನ ಅವರದಲ್ಲ.

ಅದಾದ ಸ್ವಲ್ಪ ದಿನಕ್ಕೆ ಹೇಳದೆ ಕೇಳದೆ ಒಬ್ಬರೇ ಬೆಂಗಳೂರಿಗೆ ಹೋಗಿ ಬಂದರು. ಬಸ್ಸಿನ ಮೇಲೆ ಹುಲ್ಲು ಗೋಣಿಯಲ್ಲಿ ಸುತ್ತಿದ ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ, ತೊಡೆಯ ಮೇಲೆ ಮಣ್ಣಿನ ಮಡಕೆ, ಮಡಕೆಯಲ್ಲಿ ಎರಡು ಮೀನು. ಬೆಂಗಳೂರಿನ ದಂಡುಪ್ರದೇಶದಲ್ಲಿ ಮೀನು, ಹಕ್ಕಿ ಮಾರುವವನೊಬ್ಬನನ್ನು ಡಾಕ್ಟರ ಮನೆಯ ಆಳಿನಿಂದ ವಿಚಾರಿಸಿ ಹುಡುಕಿದ್ದರು. ದಾರಿಯಲ್ಲಿ ಕಂಡಕ್ಟರು ನೀರು ಚೆಲ್ಲುತ್ತದೆ ಎಂದು ರೇಗಿದನಂತೆ. "ನಿನ್ ಬಸ್ಸು ಹೊಗೆ ಚೆಲ್ತದೆ, ನಾನೇನಾದ್ರೂ ಅಂದ್ನಾ?" ಎಂದರಂತೆ ಇವರು. ಅದೇ ಬಸ್ಸಿನಲ್ಲಿ ಬಂದವರು ಊರಿಗೆಲ್ಲ ಹೇಳಿ ನಕ್ಕರು. ಸಾರಿಗೆ ಹಾಕೋದನ್ನ ಗಾಜಿಗೆ ಹಾಕವ್ನೆ ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಮೀನಿನ ಯಜಮಾನರು ಎಂಬ ಹೆಸರು ಬಿದ್ದದ್ದು ಆಗಲೇ.

ಮನೆಯ ನಡುವೆ ಮೇಲೆ ಸೂರಿಲ್ಲದ ಚಿಕ್ಕ ಅಂಗಳ. ಬೆಳಗಿನಿಂದ ಇಳಿಹೊತ್ತಿನವರೆಗೆ ಅಲ್ಲಿ ಬಿಸಿಲು. ಅಲ್ಲೇ ಕಲ್ಲು ಚಪ್ಪಡಿಯ ಮೇಲೆ ತೊಟ್ಟಿ ಕೂತಿತು. ದೊಡ್ಡಮ್ಮ ಬೆಳಗಿನ ಕೆಲಸ ಮುಗಿಸಿ ಅದರ ಮುಂದೆ ಮಣೆ ಹಾಕಿಕೊಂಡು ಕೂರುವರು. ಎಳೆ ತೆಗೆದ ಮೇಲೆ ಉಳಿಯುವ ಹುಳುವನ್ನು ಒಣಗಿಸಿ, ಬೆರಳಲ್ಲಿ ಪುಡಿ ಮಾಡಿ ನೀರಿಗೆ ಉದುರಿಸುವರು. ಮೀನುಗಳು ಮೇಲೆ ಬಂದು ಆಕೆಯ ಬೆರಳ ತುದಿಯನ್ನೇ ಕಚ್ಚಿ ಎಳೆಯುತ್ತಿದ್ದವು. ಆಗ ಆಕೆ ನಗುವುದು ಜಗುಲಿಗೂ ಕೇಳಿಸುತ್ತಿತ್ತು. ಯಜಮಾನರು ಹಿತ್ತಲಿಂದ ನಡುಮನೆಗೆ ಏನೋ ನೆಪ ಮಾಡಿಕೊಂಡು ಬರುವರು, ನಗು ಕೇಳಿಕೊಂಡು ವಾಪಸ್ಸು ಹೋಗುವರು.

ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ದೊಡ್ಡಮ್ಮ ಮಣೆಯ ಮೇಲೆ ಸುಮ್ಮನೆ ಕೂತಿದ್ದರು.

"ಇವತ್ತು ಮಂಜು ಮುಸುಕ್ದಂಗೈತೆ. ಮೀನು ಸರಿಯಾಗಿ ಕಾಣಾಕಿಲ್ಲ. ಕಣ್ಣು ಇನ್ನೊಂದೀಟು ಹೋಯ್ತೇನೋ" ಎಂದರು. ದೂರುವ ದನಿಯಲ್ಲ, ಉಪ್ಪು ಮುಗಿಯಿತು ಎನ್ನುವ ದನಿ.

ಯಜಮಾನರು ಹಿತ್ತಲಿಂದ ಓಡಿ ಬಂದು ಬಗ್ಗಿ ನೋಡಿದರು. ಗಾಜಿನ ಒಳಮೈಗೆ ಹಸಿರು ಪದರ ಕೂತಿತ್ತು. ಉಗುರಿನಿಂದ ಕೆರೆದರು. ಉಗುರಿನಲ್ಲಿ ಹಸಿರು ಬಂತು, ಗಾಜಿನಲ್ಲಿ ಒಂದು ಗೆರೆ ಬೆಳಕು ಬಂತು.

"ನಿನ್ ಕಣ್ಣಲ್ಲ ಕಣೆ" ಎಂದರು. "ಪಾಚಿ. ಬರೀ ಪಾಚಿ." ಅಷ್ಟು ಹೇಳಿ ನಕ್ಕರು. ಆ ಮನುಷ್ಯ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆದರೆ ಅಲ್ಲಿಂದ ಮುಂದೆ ಪಾಚಿ ಅವರಿಗೆ ಪಾಚಿಯಾಗಿ ಉಳಿಯಲಿಲ್ಲ. ಹೆಂಡತಿಯ ಕಣ್ಣಿಗೆ ಬಂದ ಪೊರೆಯಾಯಿತು. ಅದು ಒಂದು ಎಳೆ ದಪ್ಪವಾದರೂ ಆಕೆ ತನ್ನ ಕಣ್ಣು ಹೋಯಿತೆಂದು ತಿಳಿಯುತ್ತಾಳಲ್ಲ ಎಂಬ ಭಯ. ಮೊದಲು ತೊಟ್ಟಿಯ ನೀರನ್ನೆಲ್ಲ ಹೊರಗೆ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಬಾವಿಯ ಹೊಸ ನೀರು ತುಂಬಿದರು. ನಾಲ್ಕು ದಿನ ಚೆನ್ನಾಗಿತ್ತು. ಐದನೆಯ ದಿನದಿಂದ ಗಾಜಲ್ಲ, ನೀರೇ ಹಸಿರಾಗತೊಡಗಿತು. ಪಟಿಕ ಹಾಕಿದರು. ಸುಣ್ಣದ ತಿಳಿ ಹಾಕಿದರು. ನೀರು ಒಂದು ದಿನ ತಿಳಿಯಾಗಿ ಮತ್ತೆ ಹೆಸರುಕಾಳು ಬೇಯಿಸಿದ ಕಟ್ಟಿನ ಹಾಗೆ ಆಗುತ್ತಿತ್ತು. ಬಾವಿಕಟ್ಟೆಯಲ್ಲಿ ಯಾರೊಡನೆಯೂ ಸೋಲದ ಮನುಷ್ಯ ಈ ಹಸಿರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದರು.

ದ್ರಾಕ್ಷಿ ತೋಟದ ಪರಿಚಿತರೊಬ್ಬರು ಉಪಾಯ ಹೇಳಿಕೊಟ್ಟರು. ಬಳ್ಳಿಯ ರೋಗಕ್ಕೆ ಹೊಡೆಯುವ ಮೈಲುತುತ್ತ ಒಂದು ಚಿಟಿಕೆ ಹಾಕಿದರೆ ಪಾಚಿ ಸುಟ್ಟುಹೋಗುತ್ತದೆ ಎಂದು. ಯಜಮಾನರು ಹಾಕಿದರು. ಮಾರನೆಯ ಬೆಳಗ್ಗೆ ನಾನು ಆಸ್ಪತ್ರೆಗೆ ಹೊರಟಾಗ ನೋಡಿದರೆ ತೊಟ್ಟಿ ಹಿಂದೆಂದೂ ಇಲ್ಲದಷ್ಟು ತಿಳಿಯಾಗಿತ್ತು. ಆಚೆ ಗೋಡೆಯ ಬಿರುಕು ಕಾಣುತ್ತಿತ್ತು. ಮೀನೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಯಜಮಾನರು ಅವನ್ನು ಪಂಚೆಯ ಮಡಿಲಿಗೆ ತೆಗೆದುಕೊಂಡು ನನಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ದೊಡ್ಡಮ್ಮ ಅಡುಗೆಮನೆಯಲ್ಲಿದ್ದರು. "ಇವತ್ತು ತೊಟ್ಟಿ ಹತ್ರ ಹೋಗ್ಬ್ಯಾಡ, ಮದ್ದು ಹಾಕಿವ್ನಿ, ನಾಳೆ ನೋಡ್ಕೋ" ಎಂದು ಕೂಗಿ ಹೇಳಿ ಬಸ್ಸಿಗೆ ಓಡಿದರು. ಸಂಜೆಗೆ ಮಡಕೆಯಲ್ಲಿ ಬೇರೆ ಎರಡು ಮೀನು ಬಂದವು. ಅಷ್ಟರಲ್ಲಿ ಗೂಡು ತಂದ ರೈತರು ಹಿತ್ತಲಲ್ಲಿ ಕಾದು ಕಾದು ಬೇರೆಯವರಿಗೆ ಕೊಟ್ಟು ಹೋಗಿದ್ದರು. ಯಜಮಾನರು ಅತ್ತ ತಿರುಗಿಯೂ ನೋಡದೆ ತೊಟ್ಟಿಯನ್ನು ಹತ್ತು ಸಲ ತೊಳೆದು, ನೀರು ತುಂಬಿ, ಮೀನು ಬಿಟ್ಟರು.

ಬೆಳಗ್ಗೆ ದೊಡ್ಡಮ್ಮ ಮಣೆ ಹಾಕಿ ಕೂತರು. ಯಜಮಾನರು ಕಂಬದ ಹಿಂದೆ.

"ಏನ್ ಚಂದಾಗಿ ಕಾಣ್ತವೆ" ಎಂದರು ದೊಡ್ಡಮ್ಮ ಜೋರಾಗಿ. ಯಜಮಾನರು ಹಿತ್ತಲಿಗೆ ಹೋದ ಮೇಲೆ ನನ್ನ ಸೆರಗು ಹಿಡಿದು ಹತ್ತಿರಕ್ಕೆ ಎಳೆದರು. "ಮೊದ್ಲಿನದಕ್ಕೆ ಬಾಲದ ಮೇಲೆ ಬಿಳಿ ಮಚ್ಚೆ ಇತ್ತು ಕಣಮ್ಮ. ಇವು ಬೇರೆ. ಪಾಪ, ಎಷ್ಟು ದೂರ ಹೋಗ್ಬಂದ್ರು. ನಂಗೆ ಗೊತ್ತಾಯ್ತು ಅಂತ ಹೇಳ್ಬ್ಯಾಡ."

ಒಂದು ಮೀನಿನ ವಿಷಯದಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಹೀಗೆ ಬಚ್ಚಿಡುವುದು ನನಗೆ ಆಗ ತಮಾಷೆಯಾಗಿ ಕಂಡಿತು. ನನಗಿನ್ನೂ ಚಿಕ್ಕ ವಯಸ್ಸು.

ದಂಡಿನ ಆ ವ್ಯಾಪಾರಿ ಅವತ್ತು ಅವರಿಗೆ ಸರಿಯಾದ ಬುದ್ಧಿ ಹೇಳಿ ಕಳಿಸಿದ್ದ. ಪಾಚಿಗೆ ಬೇಕಾದದ್ದು ಬಿಸಿಲು, ಮೀನು ತಿಂದು ಉಳಿದ ಕೊಳೆ, ಹಳೆಯ ನೀರು. ಬಿಸಿಲು ತಪ್ಪಿಸು, ಅರ್ಧ ಕೆಲಸ ಆಯಿತು ಎಂದಿದ್ದನಂತೆ.

"ಬಿಸಿಲು ತಪ್ಪಿಸಾಕಾಗಲ್ಲ" ಎಂದಿದ್ದರು ಇವರು.

"ಹಾಗಾದ್ರೆ ತಿನ್ನೋದು ಕಮ್ಮಿ ಹಾಕು. ಆ ರೇಷ್ಮೆ ಹುಳ ಭಾರಿ ಜಿಡ್ಡು."

"ಅದೂ ಆಗಲ್ಲ."

"ಮತ್ತೆ ನೀನು ಪಾಚೀನೇ ಸಾಕು" ಎಂದು ಅವನು ನಕ್ಕನಂತೆ. ಇದನ್ನು ನನಗೆ ಹೇಳುವಾಗ ಯಜಮಾನರು ನಗಲಿಲ್ಲ.

ಏಕೆಂದರೆ ಬಿಸಿಲು ತೆಗೆದರೆ ಹೆಂಡತಿಗೆ ಮೀನು ಕಾಣದು, ತಿನ್ನಿಸುವುದು ನಿಲ್ಲಿಸಿದರೆ ಮೀನು ಆಕೆಯ ಬೆರಳಿಗೆ ಬರುವುದಿಲ್ಲ. ಹಾಗಾಗಿ ಮಿಕ್ಕಿದ್ದನ್ನೆಲ್ಲ ಅವರು ತಾವೇ ಮೈಮೇಲೆ ಹಾಕಿಕೊಂಡರು. ಕೆರೆಗೆ ಹೋಗಿ ನೀರುಬಳ್ಳಿಯ ಗಿಡ ಕಿತ್ತು ತಂದು ತೊಟ್ಟಿಯ ತಳದ ಮರಳಲ್ಲಿ ನೆಟ್ಟರು. ಪಾಚಿ ತಿನ್ನುವ ಕೊಳೆಯನ್ನು ಗಿಡ ತಿಂದರೆ ಪಾಚಿ ಬಡವಾಗುತ್ತದಂತೆ. ಗಾಜು ನೆಕ್ಕಲಿ ಎಂದು ಸಣ್ಣ ಶಂಖದ ಹುಳುಗಳನ್ನು ಆರಿಸಿ ತಂದು ಬಿಟ್ಟರು. ದೊಡ್ಡಮ್ಮ ಕೂರುವುದು ಬೆಳಗ್ಗೆ ಮಾತ್ರ. ಆಕೆ ಎದ್ದ ಕೂಡಲೇ ತೊಟ್ಟಿಯ ಮೇಲೆ ತೆಳುವಾದ ಬಿಳಿ ಬಟ್ಟೆ ಎಳೆದು ಮಧ್ಯಾಹ್ನದ ಬಿಸಿಲನ್ನು ಸೋಸಿಬಿಡುವರು. ಆಮೇಲೆ ನನ್ನಿಂದ ಆಸ್ಪತ್ರೆಯ ಹಳೆಯ ರಬ್ಬರ್ ಕೊಳವೆಯೊಂದನ್ನು ಕೇಳಿ ಪಡೆದರು. ಅದರ ಒಂದು ತುದಿ ತಳದ ಕೊಳೆಗೆ ಹಿಡಿದು ಇನ್ನೊಂದು ತುದಿಯನ್ನು ಬಾಯಲ್ಲಿ ಚೀಪಿ ನೀರು ಇಳಿಸುವರು. ಒಂದೊಂದು ಸಲ ಕೊಳೆನೀರು ಬಾಯಿಗೇ ಬರುತ್ತಿತ್ತು. ಥೂ ಎಂದು ಉಗಿದು, ಬೈದು, ಮತ್ತೆ ಚೀಪುವರು. ಎಷ್ಟು ಕೊಳೆನೀರು ತೆಗೆದರೋ ಅಷ್ಟೇ ಬಾವಿನೀರು, ಅದೂ ಒಂದು ದಿನ ಕೊಡದಲ್ಲಿ ಇಟ್ಟದ್ದು. ಕೊನೆಗೆ ತೋಳು ಮಡಚಿ, ಹಳೆಯ ರೇಷ್ಮೆ ಚಿಂದಿಯಿಂದ ಗಾಜಿನ ಮೂಲೆ ಮೂಲೆ ಉಜ್ಜುವುದು.

ನೀರು ತಿಳಿಯಾಗಿ ನಿಂತಿತು. ಪಾಚಿ ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ದಿನಾ ಅಷ್ಟು ಬೆಳೆಯುವುದು, ಇವರು ದಿನಾ ಅಷ್ಟು ತೆಗೆಯುವುದು. ಒಂದು ದಿನ ನಾನು, ಇಷ್ಟು ಕಷ್ಟ ಪಡುವ ಬದಲು ದೊಡ್ಡಮ್ಮನಿಗೇ ಹೇಳಿ ಹುಳು ಸ್ವಲ್ಪ ಕಡಿಮೆ ಹಾಕಿಸಬಹುದಲ್ಲ ಎಂದೆ.

"ಇಪ್ಪತ್ತೈದು ವರ್ಷ ಅವಳು ಕೈ ಹಾಕಿದ್ದೆಲ್ಲ ಕುದಿಯೋ ನೀರಿಗೆ ನರ್ಸಮ್ಮ" ಎಂದರು. "ಈ ತಣ್ಣೀರಿಗೆ ಅವಳು ಎಷ್ಟ್ ಬೇಕಾದ್ರೂ ಹಾಕ್ಲಿ."

ಯುದ್ಧ ಮುಗಿಯಿತು. ರೇಷ್ಮೆಯ ಗಿರಾಕಿ ಇಳಿಯಿತು, ಬೀದಿಯ ಹಿತ್ತಲುಗಳು ಒಂದೊಂದಾಗಿ ತಣ್ಣಗಾದವು. ಇವರ ನಾಲ್ಕು ಒಲೆಯಲ್ಲಿ ಉರಿಯುತ್ತಿದ್ದದ್ದು ಒಂದೇ. ಸ್ವಾತಂತ್ರ್ಯ ಬಂದ ದಿನ ಶಾಲೆಯ ಮಕ್ಕಳು ಬಾವುಟ ಹಿಡಿದು ಬೀದಿಯಲ್ಲಿ ಹೋದಾಗ ಯಜಮಾನರು ದೊಡ್ಡಮ್ಮನನ್ನು ಜಗುಲಿಗೆ ಕರೆತಂದು ಬಿಸಿಲಲ್ಲಿ ನಿಲ್ಲಿಸಿದರು. "ಬಣ್ಣ ಕಾಣ್ತದಾ?" ಎಂದು ಕೇಳಿದರು. "ಏನೋ ಅಲ್ಲಾಡ್ತದೆ" ಎಂದರು ಆಕೆ. ಅವತ್ತು ಮಧ್ಯಾಹ್ನ ಅವರು ಗಾಜನ್ನು ಎರಡು ಸಲ ಉಜ್ಜಿದರು.

ನನಗೆ ವರ್ಗವಾಗುವುದಕ್ಕೆ ಸ್ವಲ್ಪ ಮುಂಚಿನ ಬೇಸಿಗೆ. ಯಜಮಾನರು ಚಳಿಜ್ವರದಲ್ಲಿ ಮಲಗಿದರು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಸ್ಪತ್ರೆಯಿಂದ ಕ್ವಿನೈನ್ ಮಿಕ್ಸ್ಚರ್ ತಂದು ದಿನಕ್ಕೆ ಮೂರು ಸಲ ಕುಡಿಸುತ್ತಿದ್ದೆ. ಜ್ವರದ ಮಂಪರಿನಲ್ಲೂ ಅವರು ಕೇಳುತ್ತಿದ್ದದ್ದು ಒಂದೇ: "ನೀರು ಹೆಂಗೈತೆ?"

"ತಿಳಿಯಾಗೈತೆ, ಸುಮ್ಕೆ ಮನೀಕಳ್ಳಿ" ಎನ್ನುವರು ದೊಡ್ಡಮ್ಮ.

ಊರಲ್ಲಿ ಜ್ವರದವರು ಬಹಳ ಮಂದಿ ಇದ್ದರು, ನನಗೆ ಉಸಿರಾಡಲು ಬಿಡುವಿರಲಿಲ್ಲ. ಅಂಗಳದ ಕಡೆ ತಿರುಗಿ ನೋಡದೆ ವಾರದ ಮೇಲಾಗಿತ್ತು. ಒಂದು ಬೆಳಗ್ಗೆ ಔಷಧ ಕುಡಿಸಿ ಹೊರಟವಳು ದೊಡ್ಡಮ್ಮನ ದನಿ ಕೇಳಿ ಅಂಗಳಕ್ಕೆ ಹೋದೆ. ಆಕೆ ಮಣೆಯ ಮೇಲೆ ಕೂತು, ಮುಖವನ್ನು ಗಾಜಿಗೆ ಹತ್ತಿರ ಹಿಡಿದಿದ್ದರು.

"ಬಾರಮ್ಮ. ಇವತ್ತು ಬಲು ತಿಳಿಯಾಗೈತೆ. ಕೆಂಪ್ನೇದು ಮೇಲೆ ಬಂತು ನೋಡು."

ತೊಟ್ಟಿಯಲ್ಲಿ ಮೀನು ಇದೆಯೋ ಇಲ್ಲವೋ ಎಂದು ಹೇಳುವ ಹಾಗಿರಲಿಲ್ಲ. ಬೇಸಿಗೆಯ ಬಿಸಿಲಿಗೆ ನೀರು ಗಟ್ಟಿ ಹಸಿರಾಗಿತ್ತು, ಸೊಪ್ಪು ಅರೆದು ಕದಡಿದ ಹಾಗೆ. ಗಾಜು ಗೋಡೆಯಂತೆ ನಿಂತಿತ್ತು.

ನಾನು ಆಕೆಯ ಕಣ್ಣ ಮುಂದೆ ಮೆಲ್ಲಗೆ ಕೈಯಾಡಿಸಿದೆ. ರೆಪ್ಪೆ ಅಲುಗಲಿಲ್ಲ.

"ಕೈ ಆಡಿಸ್ಬ್ಯಾಡ" ಎಂದರು ದೊಡ್ಡಮ್ಮ. "ಗಾಳಿ ತಗಲ್ತದೆ."

ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಯಾವಾಗಿಂದ ಎಂದು ಕೇಳಿದೆ.

"ಸಂಕ್ರಾಂತಿಗೆ ಮುಂಚೇನೇ. ಮೊದ್ಲು ಕೆಂಪು ಹೋಯ್ತು, ಆಮ್ಯಾಕೆ ಬೆಳಕೂ ಹೋಯ್ತು."

"ಯಜಮಾನ್ರಿಗೆ ಹೇಳ್ಬೇಕಲ್ವಾ ದೊಡ್ಡಮ್ಮ?"

"ಬ್ಯಾಡ. ನನ್ ಕಣ್ಣ ತಾನೇ ಬೇಯಿಸ್ಬಿಟ್ಟೆ ಅಂತ ಅವರ ತಲೇಲಿ ಕೂತೈತೆ. ಬಾಯ್ಬಿಟ್ಟು ಹೇಳಿಲ್ಲ, ನಂಗೊತ್ತು. ಈ ಗಾಜು ಉಜ್ಜೋತನಕ ಇನ್ನೂ ಏನೋ ಉಳ್ಕಂಡೈತೆ ಅಂದ್ಕಂಡವ್ರೆ. ಪೂರಾ ಹೋಯ್ತು ಅಂದ್ರೆ ಮನುಷ್ಯ ಕೈ ಚೆಲ್ಲಿ ಕೂತ್ಬಿಡ್ತಾರೆ."

ನಾನು ಅವತ್ತು ಸಂಜೆ ಬೇಗ ಬಂದು ತೊಟ್ಟಿ ತೊಳೆದುಬಿಡೋಣ, ಇವರು ಏಳುವ ಹೊತ್ತಿಗೆ ನೀರು ಆಕೆ ಹೇಳಿದಂತೆಯೇ ಇರಲಿ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಹಗ್ಗ ಜಗ್ಗಿದ ಸದ್ದಾಯಿತು. ಯಜಮಾನರು ಕಂಬಳಿ ಹೊದ್ದು, ಹೆಂಡತಿಗಾಗಿ ತಾವೇ ಕಟ್ಟಿದ್ದ ಹಗ್ಗವನ್ನು ಹಿಡಿದುಕೊಂಡು, ಕಾಲೆಳೆಯುತ್ತ ಬಂದು ಕಂಬಕ್ಕೆ ಒರಗಿದರು. ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ತಿಳಿಯದು. ತೊಟ್ಟಿಯಂತೂ ಕಣ್ಣೆದುರಿಗೇ ಇತ್ತು.

ದೊಡ್ಡಮ್ಮನಿಗೆ ಹೆಜ್ಜೆಯ ಗುರುತು ಸಿಕ್ಕಿತು. "ಎದ್ರಾ? ನೋಡಿ, ನೀವು ಮನೀಕಂಡ್ರೂ ನೀರು ಕೆಟ್ಟಿಲ್ಲ. ಎರಡೂ ಹೆಂಗಾಡ್ತಾವೆ" ಎಂದರು.

ಯಜಮಾನರು ಹಸಿರು ಗಾಜನ್ನು ನೋಡಿದರು. ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ಹೂಂ" ಎಂದರು. "ತಿಳಿಯಾಗೈತೆ."

ತಿರುಗಿ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಜ್ವರ ಅವತ್ತೇ ಇಳಿದಿತ್ತು. ಮೈ ತಣ್ಣಗಿತ್ತು, ನಾಡಿ ಸರಿಯಾಗಿತ್ತು, ಆದರೂ ಏಳಲಿಲ್ಲ. ಗಂಜಿ ಇಟ್ಟರೆ ಎರಡು ಗುಟುಕು. ಒಲೆಯ ಆಳು ಬಂದು ಗೂಡಿನ ವಿಷಯ ಕೇಳಿದರೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುವರು. ನೀರು ಹೆಂಗೈತೆ ಎಂದು ಕೇಳುವುದನ್ನೂ ಬಿಟ್ಟರು. ದೊಡ್ಡಮ್ಮ ಹೆದರಿದ್ದ ಹಾಗೆಯೇ ನಡೆಯುತ್ತಿತ್ತು. ಆಕೆಗೆ ಮಾತ್ರ ಅವರು ಏಕೆ ಏಳುತ್ತಿಲ್ಲವೆಂದು ತಿಳಿಯದು. ನಾನು ಇಬ್ಬರ ನಡುವೆ ಬಾಯಿ ಕಟ್ಟಿಕೊಂಡು ಓಡಾಡಿದೆ. ನನ್ನ ಕೈಲಾದದ್ದೆಂದರೆ ಕೊಳವೆ ಹಿಡಿದು ಎರಡು ಕೊಡ ಹಳೆಯ ನೀರು ಇಳಿಸಿ, ಮೀನು ಸಾಯದಂತೆ ಹೊಸ ನೀರು ಹಾಕಿದ್ದು. ಬಣ್ಣ ಹಾಗೆಯೇ ಇತ್ತು.

ನಾಲ್ಕೈದು ದಿನದ ಮೇಲೆ ಒಂದು ಬೆಳಗ್ಗೆ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ ಗಾಜಿನ ಮೇಲೆ ಬಟ್ಟೆ ಕಿರುಗುಟ್ಟುವ ಸದ್ದು ಕೇಳಿತು. ಬಾಗಿಲ ಸಂದಿಯಿಂದ ನೋಡಿದೆ. ಜ್ವರದಲ್ಲಿ ಕಡ್ಡಿಯಾದ ತೋಳನ್ನು ತೊಟ್ಟಿಯೊಳಗೆ ಇಳಿಬಿಟ್ಟು ಯಜಮಾನರು ಉಜ್ಜುತ್ತಿದ್ದರು. ದೊಡ್ಡಮ್ಮ ಪಕ್ಕದಲ್ಲಿ ಮಣೆಯ ಮೇಲೆ.

"ಯಾಕೆ ಉಜ್ತೀರಾ ಇಷ್ಟು ಬೇಗ ಎದ್ದು? ತಿಳಿಯಾಗೈತೆ ಅಂದ್ನಲ್ಲ."

"ಸುಳ್ಳೇಳ್ಬ್ಯಾಡ ಕಣೆ. ಇದರೊಳಗೆ ನನ್ ಅಂಗೈ ನನಗೇ ಕಾಣ್ತಿಲ್ಲ."

ಬಟ್ಟೆಯ ಸದ್ದು ನಿಂತಿತು.

"ಗೊತ್ತಾಯ್ತಾ?" ಎಂದರು ದೊಡ್ಡಮ್ಮ.

"ಅವತ್ತೇ."

ಮತ್ತೆ ಉಜ್ಜತೊಡಗಿದರು. ಆಮೇಲೆ ತಲೆ ಎತ್ತದೆ, ಬಹಳ ಕಷ್ಟಪಟ್ಟು ಕೇಳಿದರು: "ನಮ್ಮೊಲೆ ಹಬೆಯಿಂದ್ಲೇ ಅಲ್ವಾ?"

"ನಮ್ಮಣ್ಣ ಯಾವ ಹಬೆ ಕಂಡಿದ್ದ? ಬಯಲಲ್ಲಿ ಕುರಿ ಕಾಯ್ಕಂಡಿದ್ದೋನು. ಅವನಿಗೂ ಹಿಂಗೇ ಆಯ್ತು, ನನ್ ವಯಸ್ಸಿಗೇನೇ. ಡಾಕ್ಟ್ರು ಹೇಳಿದ್ದು ನೀವು ಕೇಳಲಿಲ್ಲ, ನಾ ಹೇಳಾಣ ಅಂದ್ರೆ ನೀವು ಯಾವತ್ತೂ ಬಾಯ್ಬಿಟ್ಟು ಕೇಳಲೇ ಇಲ್ಲ."

ಅವರ ಕೈ ನೀರಿನೊಳಗೇ ನಿಂತುಬಿಟ್ಟಿತು. ಆಕೆಯ ಮಾತನ್ನು ನಂಬಿದರೋ, ನಂಬಲು ನಿರ್ಧರಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು ಇನ್ನೊಂದು ಮೂಲೆ ಉಜ್ಜಲು ಹೊರಟರು.

"ಈಗ ಬಿಟ್ಬಿಡಿ" ಎಂದರು ದೊಡ್ಡಮ್ಮ. "ನಂಗೆ ಕಾಣಾಕಿಲ್ಲ ಅಂದ್ಮ್ಯಾಕೆ ಯಾಕೆ ಉಜ್ಜೋದು?"

"ನಿಂಗೆ ಮೀನು ಕಾಣ್ದಿದ್ರೆ ಕಾಣ್ದಿರ್ಲಿ. ಮೀನಿಗೆ ನೀನು ಕಾಣ್ಬೇಕಲ್ಲ."

ದೊಡ್ಡಮ್ಮ ಕೈ ಚಾಚಿ ಗಾಜನ್ನು ತಡಕಿ, ಉಜ್ಜಿ ಬೆಳಕಾದ ಜಾಗದ ಮೇಲೆ ಅಂಗೈ ಇಟ್ಟರು. ಹಸಿರಿನೊಳಗಿಂದ ಮೊದಲು ಒಂದು, ಅದರ ಹಿಂದೆ ಇನ್ನೊಂದು, ಮೆಲ್ಲಗೆ ಬಂದವು.

"ಬಂದ್ವು" ಎಂದರು ಯಜಮಾನರು. "ದೊಡ್ಡದು ನಿನ್ ಹೆಬ್ಬೆಟ್ಟಿನ ಹತ್ರ ನಿಂತೈತೆ. ಚಿಕ್ಕದು ಇನ್ನೂ ಗಿಡದ ಮಗ್ಗುಲಲ್ಲೈತೆ. ತಡಿ, ಅದೂ ಬತ್ತದೆ. ಈಗ ತಿರುಕ್ಕಂತು. ಬಾಲ ಬಿಡ್ತಾ ಐತೆ, ಸೆರಗಿನಂಗೆ."

ನಾನು ಬಾಗಿಲು ಮೆಲ್ಲಗೆ ಮುಂದಕ್ಕೆ ಹಾಕಿ ಜಗುಲಿಯಿಂದಲೇ ಇಳಿದು ಆಸ್ಪತ್ರೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬಂದಾಗಲೂ ಅವರು ಅಂಗಳದಲ್ಲಿ ಕೂತು ಮಾತಾಡುತ್ತಲೇ ಇದ್ದರು.